ಋಣದಿಂದ ರಣಕ್ಕೆ

ಸ್ಕಾಟ್ಲೆಂಡಿನ ಈಶಾನ್ಯದ ತುತ್ತತುದಿಯಲ್ಲಿರುವ ಕೇತ್ನೆಸ್ ಪ್ರಾಂತದಲ್ಲಿ, ವಿಕ್ ಎಂಬ ರೇವುಪಟ್ಟಣದಿಂದ ಹೊಳೆಯ ದಂಡೆಯನ್ನು ಹಿಡಿದು ಸ್ವಲ್ಪ ದೂರ ಪಶ್ಚಿಮಕ್ಕೆ ನಡೆದರೆ ಆಲ್ಟಿಮಾರ್ಲಾಕ್ ಎಂಬ ತಾಣವು ಸಿಗುತ್ತದೆ. 1680ನೆಯ ಇಸವಿಯ ಜುಲೈ 13ರಂದು ಅಲ್ಲಿ ಕ್ಯಾಂಬೆಲ್ ಕುಲದ ಪಡೆಗೂ ಸಿಂಕ್ಲೇರ್ ಕುಲದ ಪಡೆಗೂ ನಡೆದ ಕಾಳಗದಲ್ಲಿ ಸಿಂಕ್ಲೇರರು ಸಂಪೂರ್ಣವಾಗಿ ಸೋತುಹೋದರು. ಗೆದ್ದವರು ಹೆಣಗಳ ಮೇಲೆ ಕಾಲಿಟ್ಟು, ಪಾದ ನೆನೆಯದಂತೆ ಹೊಳೆಯನ್ನು ದಾಟಿದರೆಂದು ಆ ಸೀಮೆಯ ಐತಿಹ್ಯವು ಹೇಳುತ್ತದೆ. ಐತಿಹ್ಯದಲ್ಲಿ ಅತಿಶಯವೆಷ್ಟಿದ್ದರೂ ಇರಲಿ, ಕಾಳಗ ನಡೆದುದು ಸತ್ಯ, ಅದರ ಕಾರಣವೂ ಸಂಶಯಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ. ಮತಧರ್ಮದ ಹೆಸರಿನಲ್ಲಾಗಲಿ, ಸಿಂಹಾಸನದ ಹೆಸರಿನಲ್ಲಾಗಲಿ ಅಂದು ಯಾರೂ ಹೋರಾಡಲಿಲ್ಲ. ಎಂಟು ವರ್ಷಗಳ ಹಿಂದೆ, ಸಾಲದಲ್ಲಿ ಮುಳುಗಿಹೋಗಿದ್ದ ಒಬ್ಬ ಅರ್ಲನು ರುಜು ಮಾಡಿದ್ದ ಒಂದು ಪತ್ರವು ಊರ್ಜಿತವಹುದೋ ಅಲ್ಲವೋ ಎಂಬ ಪ್ರಶ್ನೆಯೇ ಆ ದಿನ ಕತ್ತಿಯ ಮೊನೆಯಲ್ಲಿ ವಿಚಾರಣೆಗೆ ಬಂದಿತ್ತು.

ಯುರೋಪಿನ ಚರಿತ್ರೆಯನ್ನು ಓದುವಾಗ, ಮಧ್ಯಯುಗವನ್ನು ಖಡ್ಗವಾಳಿತು, ಆಧುನಿಕ ಯುಗವನ್ನು ಕಾಯಿದೆಯಾಳಿತು ಎಂಬ ಸರಳವಾದ ಸೂತ್ರವೊಂದು ನಮ್ಮ ಮನಸ್ಸಿನಲ್ಲಿ ತಾನಾಗಿ ನೆಲೆಗೊಳ್ಳುತ್ತದೆ. ಹದಿನಾರು ಹದಿನೇಳನೆಯ ಶತಮಾನಗಳ ಸ್ಕಾಟ್ಲೆಂಡಿನ ಭೂಮಾಲಿಕ ಮನೆತನಗಳ ಋಣಚರಿತ್ರೆಯನ್ನು ಸಾವಧಾನವಾಗಿ ನೋಡಿದವರಿಗೆ ಆ ಸೂತ್ರವು ಸಾಲದು. ಅಲ್ಲಿ ಕಾಯಿದೆಯು ಖಡ್ಗವನ್ನು ಒರೆಗೆ ಸೇರಿಸಿದುದಕ್ಕಿಂತ ಹೆಚ್ಚಾಗಿ ಅದಕ್ಕೆ ಅಪ್ಪಣೆಚೀಟಿಯನ್ನು ಬರೆದುಕೊಟ್ಟಿತು. ದುಡ್ಡುಳ್ಳ ಮನೆತನವು ನೆರೆಯ ಮನೆತನದ ಸಾಲಪತ್ರಗಳನ್ನು ಒಂದೊಂದಾಗಿ ಕೊಂಡುಕೂಡಿಸಿ, ವಾಯಿದೆ ಮೀರುವವರೆಗೆ ಕಾದು, ನ್ಯಾಯಾಲಯದ ಮುದ್ರೆಯೊಡನೆಯೂ ಅನಂತರ ದಂಡಿನೊಡನೆಯೂ ಬಂದು ನೆಲವನ್ನು ಹಿಡಿಯಿತು. ಆ ಎರಡರ ಬಾಧೆಯನ್ನೂ ಬಹುಪಾಲು ಉಂಡವರು ಆ ಪತ್ರಗಳ ಮೇಲೆ ಯಾವ ಗುರುತನ್ನೂ ಹಾಕಿರದ ಒಕ್ಕಲುಮಕ್ಕಳು.

ದೊಡ್ಡ ಮನೆತನಗಳು ಸಾಲದಲ್ಲಿ ಬಿದ್ದುದಕ್ಕೆ ವಿಲಾಸವೊಂದೇ ಕಾರಣವೆಂದು ಹೇಳುವುದು ನ್ಯಾಯವಾಗದು. ಅವರಿಗೆ ಬರುತ್ತಿದ್ದ ಗೇಣಿಯ ಬಹುಭಾಗವು ಓಟ್ಸ್ ಹಿಟ್ಟು, ಬಾರ್ಲಿ, ಬೆಣ್ಣೆ, ಗಿಣ್ಣು, ಕುರಿ, ದನ ಇವುಗಳ ರೂಪದಲ್ಲಿ ಬರುತ್ತಿತ್ತು. ಖರ್ಚು ಮಾತ್ರ ನಗದಿನಲ್ಲಿ ಆಗಬೇಕಾಗಿತ್ತು. ಹೆಣ್ಣುಮಕ್ಕಳ ಮದುವೆಗೆ ಕೊಡಬೇಕಾದ ವರದಕ್ಷಿಣೆ, ಕಿರಿಯ ಮಕ್ಕಳ ಪಾಲು, ವಿಧವೆಯರ ಜೀವನಾಂಶ, ಗೋಪುರಗಳುಳ್ಳ ಕಲ್ಲುಮನೆಗಳ ನಿರ್ಮಾಣ, ಹೀಗೆ ಒಂದರ ಮೇಲೊಂದು ಹೊರೆ. 1603ರಲ್ಲಿ ಆರನೆಯ ಜೇಮ್ಸ್ ದೊರೆಯು ಇಂಗ್ಲೆಂಡಿನ ಕಿರೀಟವನ್ನೂ ಪಡೆದು ಲಂಡನ್ನಿಗೆ ಹೊರಟುಹೋದ ತರುವಾಯ, ರಾಜಾನುಗ್ರಹವನ್ನು ಬಯಸುವ ಸ್ಕಾಟಿಷ್ ಶ್ರೀಮಂತನು ಅಷ್ಟು ದೂರ ಪಯಣಿಸಿ, ತನ್ನ ಹಣಕ್ಕಿಂತ ಹನ್ನೆರಡು ಪಟ್ಟು ಬೆಲೆಬಾಳುವ ಇಂಗ್ಲಿಷ್ ಪೌಂಡುಗಳಲ್ಲಿ ಬದುಕು ನಡೆಸಬೇಕಾಯಿತು. ಪಶ್ಚಿಮ ದ್ವೀಪಗಳ ನಾಯಕರ ಪಾಡು ಇನ್ನೂ ಕಷ್ಟದ್ದು. 1609ರ ಅಯೋನಾ ಕಟ್ಟಳೆಗಳ ಅನಂತರ, 1616ರಲ್ಲಿ ಪ್ರಿವಿ ಕೌನ್ಸಿಲ್ ವಿಧಿಸಿದ ನಿಯಮದಂತೆ, ಅವರು ವರ್ಷವರ್ಷವೂ ಎಡಿನ್‌ಬರೋ ನಗರಕ್ಕೆ ಬಂದು ಹಾಜರಾಗಿ, ತಮ್ಮ ಜನರ ಸನ್ನಡತೆಗೆ ಜಾಮೀನು ಒದಗಿಸಬೇಕಾಗಿತ್ತು. ರಾಜಧಾನಿಯಲ್ಲಿ ವಾರಗಟ್ಟಲೆ ಪರಿವಾರಸಮೇತ ತಂಗುವುದು, ವಕೀಲರನ್ನು ಹಿಡಿಯುವುದು, ವರ್ತಕರಲ್ಲಿ ಲೆಕ್ಕ ಬೆಳೆಸುವುದು, ಇವೆಲ್ಲ ಸೇರಿ ಆಳುವವರ ಶಾಂತಿಯ ಕಟ್ಟಳೆಯೇ ದ್ವೀಪದವರ ಪಾಲಿಗೆ ಸಾಲದ ಬಾಗಿಲಾಯಿತು.

ಇವೆಲ್ಲಕ್ಕಿಂತ ಮಿಗಿಲಾದ ಅಪಾಯವಿದ್ದುದು ಜಾಮೀನಿನಲ್ಲಿ. ಸ್ಕಾಟ್ಲೆಂಡಿನ ಭೂಮಾಲಿಕನು ಸಾಲವೆತ್ತುವಾಗ ಅವನ ಅಣ್ಣತಮ್ಮಂದಿರು, ಮಾವಂದಿರು, ಕುಲದ ಕಿರಿಯ ಮನೆಗಳವರು, ನೆರೆಯವರು ಹೊಣೆಗಾರರಾಗಿ ರುಜು ಹಾಕುತ್ತಿದ್ದರು. ಕೇಳಿದಾಗ ಇಲ್ಲವೆನ್ನುವುದು ಬಂಧುತ್ವಕ್ಕೇ ಕಳಂಕ. ನಾಳೆ ಅವರಿಗೆ ಬೇಕಾದಾಗ ಇವನೂ ಹಾಗೆಯೇ ರುಜು ಹಾಕತಕ್ಕದ್ದು. ಆದ್ದರಿಂದ ಒಂದು ಮನೆಯು ಕುಸಿದಾಗ ಅದಕ್ಕೆ ಜಾಮೀನು ನಿಂತ ಹತ್ತು ಮನೆಗಳ ಅಡಿಪಾಯವು ಅಲುಗಾಡುತ್ತಿತ್ತು. 1638ರಿಂದ 1651ರವರೆಗೆ ನಡೆದ ಒಡಂಬಡಿಕೆಯ ಯುದ್ಧಗಳಲ್ಲಿ ಶ್ರೀಮಂತರು ದಂಡು ಕಟ್ಟುವುದಕ್ಕೆಂದು ಸ್ವಂತದ ಹೊಣೆಯ ಮೇಲೆ ಸಾಲವೆತ್ತಿದರು. ಸರ್ಕಾರ ಅದನ್ನು ಹಿಂದಿರುಗಿಸಲಿಲ್ಲ. ಒಡಂಬಡಿಕೆಯ ಪಕ್ಷಕ್ಕೆ ಅಪಾರವಾದ ಹಣವನ್ನು ಸಾಲ ಕೊಟ್ಟಿದ್ದ ಎಡಿನ್‌ಬರೋ ವರ್ತಕ ಸರ್ ವಿಲಿಯಂ ಡಿಕ್ ತಾನೇ ಸಾಲಗಾರನಾಗಿ, 1655ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ದಾರಿದ್ರ್ಯದಲ್ಲಿ ಸತ್ತನು. ಬಡ್ಡಿಯ ಮಿತಿಯನ್ನು 1587ರಲ್ಲಿ ನೂರಕ್ಕೆ ಹತ್ತೆಂದೂ, 1633ರಲ್ಲಿ ಎಂಟೆಂದೂ, 1649ರಲ್ಲಿ ಆರೆಂದೂ ಶಾಸನಗಳು ಇಳಿಸುತ್ತ ಬಂದವು. ಅಸಲೇ ಬೆಟ್ಟವಾಗಿದ್ದವರಿಗೆ ಅದರಿಂದ ಆದ ಉಪಕಾರ ಸ್ವಲ್ಪ.

ಇನ್ನು ಸಾಲವನ್ನು ವಸೂಲು ಮಾಡುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಏಕೆಂದರೆ ಈ ಚರಿತ್ರೆಯ ತಿರುಳು ಅಲ್ಲಿಯೇ ಇದೆ. ಸ್ಕಾಟಿಷ್ ಸಾಲಪತ್ರದ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತಿತ್ತು: ಈ ಪತ್ರವನ್ನು ನ್ಯಾಯಾಲಯದ ಪುಸ್ತಕಗಳಲ್ಲಿ ನೋಂದಾಯಿಸಲು ನನ್ನ ಸಮ್ಮತಿಯಿದೆ ಎಂಬ ಅರ್ಥದ ವಾಕ್ಯ. ಸಾಲ ತೆಗೆಯುವ ಅವಸರದಲ್ಲಿ ರುಜು ಮಾಡಿದವನಿಗೆ ಅದು ವಾಡಿಕೆಯ ಒಕ್ಕಣೆಯಾಗಿ ತೋರಿರಬಹುದು. ಆದರೆ ಆ ಒಂದು ಸಮ್ಮತಿಯಿಂದ ಪತ್ರವು ನೋಂದಾಯಿತವಾದೊಡನೆ ಡಿಕ್ರಿಗೆ ಸಮಾನವಾಗುತ್ತಿತ್ತು. ದಾವೆಯಿಲ್ಲ, ಸಾಕ್ಷಿಯಿಲ್ಲ, ವಾದವಿಲ್ಲ, ನೇರವಾಗಿ ಅಮಲ್ಜಾರಿ. ದೊರೆಯ ಮುದ್ರೆಯುಳ್ಳ ಆಜ್ಞಾಪತ್ರವು ಹೊರಡುತ್ತಿತ್ತು. ಇಂತಿಷ್ಟು ದಿನಗಳೊಳಗಾಗಿ ಸಾಲವನ್ನು ತೀರಿಸೆಂದು ದೊರೆಯ ಹೆಸರಿನಲ್ಲಿ ಸಾಲಗಾರನಿಗೆ ಅಪ್ಪಣೆಯಾಗುತ್ತಿತ್ತು.

ಗಡುವು ಮೀರಿದರೆ, ರಾಜಲಾಂಛನವನ್ನು ಧರಿಸಿ ಕೈಯಲ್ಲಿ ಶಾಂತಿದಂಡವನ್ನು ಹಿಡಿದ ರಾಜದೂತನು ಸಾಲಗಾರನ ಸೀಮೆಯ ಮುಖ್ಯ ಪಟ್ಟಣಕ್ಕೆ ಬಂದು, ಪೇಟೆಯ ನಡುವೆ ನಿಂತಿರುವ ಕಲ್ಲಿನ ಶಿಲುಬೆಗಂಬದ ಬಳಿ ಜನರನ್ನು ಕರೆದು, ಆಜ್ಞಾಪತ್ರವನ್ನು ಗಟ್ಟಿಯಾಗಿ ಓದಿ, ಮೂರು ಬಾರಿ ಕೊಂಬೂದಿ, ಇಂಥವನು ದೊರೆಗೆ ದ್ರೋಹಿ ಎಂದು ಸಾರಿ, ಪತ್ರದ ನಕಲನ್ನು ಆ ಕಂಬಕ್ಕೇ ಅಂಟಿಸಿ ಹೋಗುತ್ತಿದ್ದನು. ಹದಿನೈದು ದಿನಗಳೊಳಗೆ ಈ ಘೋಷಣೆಯು ದಾಖಲೆಯ ಪುಸ್ತಕಕ್ಕೆ ಏರಬೇಕು. ಸಾಲ ತೀರಿಸದವನನ್ನು ಸಾಲಗಾರನೆಂದು ಮಾತ್ರವೇ ಕಾಣದೆ ದೊರೆಯ ಮಾತನ್ನು ಮೀರಿದ ದಂಗೆಕೋರನೆಂದು ಕಾಣುವ ಈ ಕಲ್ಪನೆಯಿಂದ ಹುಟ್ಟಿದ ಫಲಗಳು ಘೋರವಾದುವು. ಅವನ ಚರಾಸ್ತಿಯೆಲ್ಲ ದೊರೆಗೆ ಸೇರಿತು. ಒಂದು ವರ್ಷ ಒಂದು ದಿನ ಹಾಗೆಯೇ ಕಳೆದರೆ ಅವನ ಭೂಮಿಯ ಉತ್ಪನ್ನವು ಅವನು ಬದುಕಿರುವವರೆಗೂ ಮೇಲ್ಧಣಿಯ ಪಾಲಾಯಿತು. ಅವನನ್ನು ಹಿಡಿದು ಸೆರೆಗೆ ಹಾಕುವುದಕ್ಕೂ ದಾರಿಯಾಯಿತು. ಆಸ್ತಿಯ ಈ ಮುಟ್ಟುಗೋಲನ್ನು ದೊರೆಯಿಂದ ದಾನವಾಗಿ ಪಡೆಯಲು ಶತ್ರುಗಳು ಓಡುವಂತೆಯೇ ಮಿತ್ರರೂ ಓಡುತ್ತಿದ್ದರು. ಮಿತ್ರನ ಕೈಗೆ ಸಿಕ್ಕಿದರೆ ಮನೆ ಉಳಿಯಿತು, ಇಲ್ಲವಾದರೆ ಇಲ್ಲ.

ಬಲವುಳ್ಳವರು ಈ ಘೋಷಣೆಯನ್ನು ವರ್ಷಗಟ್ಟಲೆ ತಲೆಯ ಮೇಲೆ ಹೊತ್ತುಕೊಂಡೇ ಓಡಾಡಿದುದುಂಟು. ಎಡಿನ್‌ಬರೋದ ಹೋಲಿರೂಡ್ ಮಠದ ಎಲ್ಲೆಯೊಳಗೆ ಆಶ್ರಯ ಪಡೆದು ಸೆರೆಯಿಂದ ತಪ್ಪಿಸಿಕೊಂಡವರುಂಟು. ದಿವಾಳಿಯಾದ ಸಾಮಾನ್ಯ ವರ್ತಕನಾದರೋ, ಹದಿನೇಳನೆಯ ಶತಮಾನದ ಮೊದಲಿನ ಕಟ್ಟಳೆಯಂತೆ, ಹಳದಿಯ ಟೊಪ್ಪಿಗೆಯನ್ನು ಧರಿಸಿ ಪೇಟೆಯ ಕಂಬದ ಬಳಿ ಜನರೆದುರಿಗೆ ಕುಳಿತುಕೊಳ್ಳಬೇಕಾಗಿತ್ತು. ಒಂದೇ ಕಾಯಿದೆಯ ಕೈಯು ಇಬ್ಬರ ಮೇಲೆ ಹೀಗೆ ಬೇರೆಬೇರೆ ಭಾರದಿಂದ ಬಿದ್ದುದನ್ನು ನೋಡಿದಾಗ ಮನಸ್ಸಿಗೆ ವ್ಯಥೆಯಾಗುತ್ತದೆ.

ಭೂಮಿಯನ್ನೇ ಹಿಡಿಯುವ ಮಾರ್ಗವು ಇದಕ್ಕಿಂತ ಭಿನ್ನವಾದುದು. ಮೂರನೆಯ ಜೇಮ್ಸ್ ದೊರೆಯ ಕಾಲದಲ್ಲಿ, 1469ರಲ್ಲಿ, ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತು. ಅಲ್ಲಿಯ ತನಕ ಧಣಿಯ ಸಾಲಕ್ಕಾಗಿ ಅವನ ಒಕ್ಕಲುಗಳ ದನಕರುಗಳನ್ನೂ ಕಾಳುಕಡ್ಡಿಯನ್ನೂ ಹೊತ್ತೊಯ್ಯುವ ಪದ್ಧತಿಯಿತ್ತು. ಇನ್ನು ಮುಂದೆ ಒಕ್ಕಲು ಆ ಅವಧಿಗೆ ಕೊಡಬೇಕಾದ ಗೇಣಿಯಷ್ಟನ್ನು ಮೀರಿ ಅವನಿಂದ ಏನನ್ನೂ ಎಳೆಯಕೂಡದು. ಧಣಿಯ ಚರಾಸ್ತಿ ಸಾಲದಿದ್ದರೆ ಅವನ ಭೂಮಿಯನ್ನೇ ಬೆಲೆಕಟ್ಟಿ ಸಾಲ ಕೊಟ್ಟವನಿಗೆ ವಹಿಸತಕ್ಕದ್ದು. ಏಳು ವರ್ಷಗಳೊಳಗೆ ಹಣ ಕಟ್ಟಿದರೆ ಭೂಮಿ ಹಿಂದಿರುಗತಕ್ಕದ್ದು. ಬಡ ಒಕ್ಕಲುಗಳನ್ನು ಕಾಪಾಡುವ ಕರುಣೆಯಿಂದಲೇ ಹುಟ್ಟಿದ ಈ ಶಾಸನವು ಮುಂದಿನ ಇನ್ನೂರು ವರ್ಷಗಳಲ್ಲಿ ಮನೆತನಗಳನ್ನು ನುಂಗುವ ಯಂತ್ರವಾಗಿ ಬೆಳೆದ ಬಗೆಯನ್ನು ಯೋಚಿಸಿದರೆ ವಿಸ್ಮಯವಾಗುತ್ತದೆ.

ಯಂತ್ರದ ಕೀಲು ಬೆಲೆಕಟ್ಟುವುದರಲ್ಲಿತ್ತು. ಸಾಲಕ್ಕೆ ಸರಿದೂಗುವಷ್ಟು ಭೂಮಿಯನ್ನು ಅಳೆದು ತೆಗೆಯಬೇಕೆಂಬುದು ಶಾಸನದ ಉದ್ದೇಶ. ಆದರೆ ಬರಬರುತ್ತ ಈ ವಿಚಾರಣೆಯು ಭೂಮಿಯಿದ್ದಲ್ಲಿ ನಡೆಯುವುದು ತಪ್ಪಿ, ಎಡಿನ್‌ಬರೋದಲ್ಲಿ ಕೇವಲ ಶಾಸ್ತ್ರಕ್ಕೆ ನಡೆಯುವಂತಾಯಿತು. ಅಲ್ಪವಾದ ಸಾಲಕ್ಕೆ ಇಡೀ ಜಹಗೀರೇ ಬರೆಯಿಸಲ್ಪಟ್ಟಿತು. ಏಳು ವರ್ಷ ತುಂಬಿ ವಿಮೋಚನೆಯ ಹಕ್ಕು ಸತ್ತುಹೋದರೆ ಇಡೀ ಜಹಗೀರು ಸಾಲ ಕೊಟ್ಟವನ ವಶವಾಯಿತು. ಮೊದಲು ಬಂದವನ ಹಿಂದೆ ನಿಂತ ಇತರ ಸಾಲದವರಿಗೆ ಕೈಗೆ ಹತ್ತುವುದೇನೂ ಇರಲಿಲ್ಲ. 1661ರಲ್ಲಿ ಪಾರ್ಲಿಮೆಂಟು ಈ ಗಡುವನ್ನು ಹತ್ತು ವರ್ಷಗಳಿಗೆ ಏರಿಸಿ, ಮೊದಲನೆಯ ವಶಪತ್ರದಿಂದ ಒಂದು ವರ್ಷ ಒಂದು ದಿನದೊಳಗೆ ಬಂದವರೆಲ್ಲರಿಗೂ ಸಮಪಾಲನ್ನು ವಿಧಿಸಿತು. 1672ರಲ್ಲಿ ಹಳೆಯ ಕ್ರಮವನ್ನೇ ರದ್ದುಮಾಡಿ, ನ್ಯಾಯಾಧೀಶರ ಮುಂದೆ ನಡೆಯುವ ಹೊಸ ಕ್ರಮವನ್ನು ಸ್ಥಾಪಿಸಿತು. ಸ್ಕಾಟಿಷ್ ನ್ಯಾಯಶಾಸ್ತ್ರದ ಮಹಾಗ್ರಂಥವನ್ನು 1681ರಲ್ಲಿ ಪ್ರಕಟಿಸಿದ ನ್ಯಾಯಾಧೀಶ ಸ್ಟೇರ್ ಈ ಹಳೆಯ ಅನ್ಯಾಯಗಳನ್ನು ಬಲ್ಲವನಾಗಿದ್ದನು. ಆದರೂ ಸಾಲಪತ್ರವನ್ನು ಒಬ್ಬರಿಂದೊಬ್ಬರಿಗೆ ಮಾರುವ ಸ್ವಾತಂತ್ರ್ಯಕ್ಕೆ ಯಾವ ಶಾಸನವೂ ಕೈಹಾಕಲಿಲ್ಲ. ಎಡಿನ್‌ಬರೋದ ವರ್ತಕನಲ್ಲಿ ತಾನು ಮಾಡಿದ ಸಾಲವು ತನ್ನ ಪರಮವೈರಿಯ ಪೆಟ್ಟಿಗೆಯನ್ನು ಸೇರಿರುವುದು ನಾಯಕನಿಗೆ ತಿಳಿಯುತ್ತಿದ್ದುದು, ಎಷ್ಟೋ ವೇಳೆ, ರಾಜದೂತನು ಬಾಗಿಲಿಗೆ ಬಂದಾಗಲೇ.

ಆಲ್ಟಿಮಾರ್ಲಾಕಿನ ಕಥೆಯು ಇದೇ ಮರದ ಕೊಂಬೆ. ಕೇತ್ನೆಸ್ಸಿನ ಆರನೆಯ ಅರ್ಲ್ ಜಾರ್ಜ್ ಸಿಂಕ್ಲೇರನಿಗೆ ಮಕ್ಕಳಿರಲಿಲ್ಲ. ತಲೆತಲಾಂತರದ ಸಾಲ ಮಾತ್ರ ಇದ್ದಿತು. ಅವನ ಸಾಲಗಳನ್ನು ಕೊಂಡು ಕೂಡಿಸಿಕೊಂಡು ಮುಖ್ಯ ಸಾಲಿಗನಾಗಿ ನಿಂತವನು ಗ್ಲೆನಾರ್ಕಿಯ ಸರ್ ಜಾನ್ ಕ್ಯಾಂಬೆಲ್. ಕಾಯಿದೆಯ ಸಂದುಗೊಂದುಗಳನ್ನೆಲ್ಲ ಬಲ್ಲವನು, ದೀರ್ಘದರ್ಶಿ, ಕಾಯುವ ತಾಳ್ಮೆಯುಳ್ಳವನು. 1672ರಲ್ಲಿ ಅರ್ಲನು ತನ್ನ ಜಹಗೀರನ್ನೂ ಪರಂಪರೆಯ ಅಧಿಕಾರಗಳನ್ನೂ ಬಿರುದನ್ನೂ ಅವನಿಗೆ ಬರೆದುಕೊಟ್ಟು, ತಾನು ಬದುಕಿರುವವರೆಗಿನ ಅನುಭೋಗವನ್ನು ಮಾತ್ರ ಉಳಿಸಿಕೊಂಡನು. 1676ರಲ್ಲಿ ಅರ್ಲನು ತೀರಿಕೊಂಡನು. ಮರುವರ್ಷವೇ ಗ್ಲೆನಾರ್ಕಿಯು ದೊರೆಯಿಂದ ಕೇತ್ನೆಸ್ ಅರ್ಲ್ ಎಂಬ ಬಿರುದಿನ ಸನದನ್ನು ಪಡೆದುಕೊಂಡನು. 1678ರಲ್ಲಿ ಸತ್ತ ಅರ್ಲನ ವಿಧವೆ ಮೇರಿ ಕ್ಯಾಂಬೆಲ್ಲಳನ್ನೇ ಮದುವೆಯಾದನು. ಆಕೆ ಆರ್ಗೈಲ್‌ನ ಮಾರ್ಕ್ವಿಸನ ಮಗಳು. ವಿಧವೆಗೆ ಜಹಗೀರಿನಿಂದ ಸಲ್ಲಬೇಕಾಗಿದ್ದ ಜೀವನಾಂಶವು ಈ ವಿವಾಹದಿಂದ ಅವನ ಮನೆಯಲ್ಲಿಯೇ ಉಳಿಯಿತು.

ಇದನ್ನು ಒಪ್ಪದವನು ಸತ್ತ ಅರ್ಲನ ದಾಯಾದಿ, ಕೀಸ್ ಎಂಬಲ್ಲಿನ ಜಾರ್ಜ್ ಸಿಂಕ್ಲೇರ್. ಅವನ ವಾದದಲ್ಲಿ ಎರಡು ಎಳೆಗಳಿದ್ದುವು. ಭೂಮಿಯನ್ನು ಸಾಲಕ್ಕೆ ಬರೆದುಕೊಡಬಹುದು, ವಂಶದ ಬಿರುದನ್ನು ಸಾಲಕ್ಕೆ ಬರೆದುಕೊಡಬಹುದೇ ಎಂಬುದು ಒಂದು. ತನ್ನ ತಂದೆಯಿಂದ ತನಗೆ ಬಂದಿದ್ದ ಕೀಸ್ ಮೊದಲಾದ ಹಳ್ಳಿಗಳನ್ನೂ ಗ್ಲೆನಾರ್ಕಿಯು ಅರ್ಲನ ಆಸ್ತಿಯೊಡನೆ ಸೇರಿಸಿ ಹಿಡಿದುದು ಯಾವ ನ್ಯಾಯ ಎಂಬುದು ಇನ್ನೊಂದು. ಕೇತ್ನೆಸ್ಸಿನ ಜನ ತಮ್ಮ ಕುಲದವನ ಕಡೆಗೆ ನಿಂತರು. ಗೇಣಿಯ ವಸೂಲಿ ನಡೆಯದಾಯಿತು. ಗ್ಲೆನಾರ್ಕಿಯು ಪ್ರಿವಿ ಕೌನ್ಸಿಲಿನ ಬೆಂಬಲವನ್ನು ಸಂಪಾದಿಸಿ, ತನ್ನ ಸೀಮೆಯಿಂದ ಪಡೆಯನ್ನು ಕಟ್ಟಿ, ಸ್ಕಾಟ್ಲೆಂಡಿನ ನಡುಮಲೆನಾಡಿನಿಂದ ಉತ್ತರದ ಕಡಲತಡಿಯವರೆಗೆ ಅದನ್ನು ನಡೆಸಿಕೊಂಡು ಬಂದನು. ಕಾಳಗದಲ್ಲಿ ಅವನು ಗೆದ್ದನು. ಪತ್ರದಲ್ಲಿ ಕೊನೆಗೆ ಸೋತನು. 1681ರಲ್ಲಿ ಪ್ರಿವಿ ಕೌನ್ಸಿಲು ಬಿರುದು ಕೀಸ್‌ನವನಿಗೆ ಸೇರತಕ್ಕದ್ದೆಂದು ಒಪ್ಪಿಕೊಂಡಿತು. ಗ್ಲೆನಾರ್ಕಿಗೆ ಸಮಾಧಾನವಾಗಿ ಬ್ರೆಡಾಲ್ಬನ್ ಅರ್ಲ್ ಎಂಬ ಹೊಸ ಬಿರುದು ದೊರೆಯಿತು. ಕೇತ್ನೆಸ್ಸಿನ ಭೂಮಿಯನ್ನು ಅವನ ಮನೆತನದವರು ಬರಬರುತ್ತ ಮಾರಿಬಿಟ್ಟರು. ಒಂದು ನಾಡಿನ ಗಂಡಸರು ಹೊಳೆಯ ದಂಡೆಯಲ್ಲಿ ಪ್ರಾಣ ಕೊಟ್ಟ ಆ ಜಹಗೀರು ಕೊಂಡವನ ವಂಶದಲ್ಲಿ ಎರಡು ತಲೆಮಾರು ಕೂಡ ಚೆನ್ನಾಗಿ ನಿಲ್ಲಲಿಲ್ಲ.

ಅಂದು ಕ್ಯಾಂಬೆಲ್ ಪಡೆಯ ನಾಯಕರಲ್ಲೊಬ್ಬನಾಗಿದ್ದ ಗ್ಲೆನ್‌ಲಾಯನ್ನಿನ ರಾಬರ್ಟ್ ಕ್ಯಾಂಬೆಲ್ಲನ ಬಾಳನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಜೂಜು, ಕುಡಿತ, ದುಂದುಗಳಿಂದ ಅವನು ತನ್ನ ಸುಂದರವಾದ ಕಣಿವೆಯನ್ನು ಸಾಲಕ್ಕೆ ಒಡ್ಡಿದನು. 1680ರ ದಶಕದಲ್ಲಿ ಅದು ಮಾರಾಟವಾಗಿ ಪರರ ಪಾಲಾಯಿತು. ಅವನಿಗೆ ಉಳಿದುದು ಹೆಂಡತಿಯ ಹೆಸರಿನಲ್ಲಿದ್ದ ಅಲ್ಪಭೂಮಿ. 1689ರಲ್ಲಿ ಗ್ಲೆನ್‌ಕೋದ ಮೆಕ್‌ಡೊನಾಲ್ಡರು ಯುದ್ಧದಿಂದ ಹಿಂದಿರುಗುವಾಗ ಆ ಕಣಿವೆಯನ್ನು ಲೂಟಿಮಾಡಿ ದನಗಳನ್ನು ಹೊಡೆದುಕೊಂಡು ಹೋದ ಮೇಲೆ ಅದೂ ಬರಿದಾಯಿತು. ಅರುವತ್ತರ ಹತ್ತಿರದ ವಯಸ್ಸಿನಲ್ಲಿ, ಹೊಟ್ಟೆಯ ಪಾಡಿಗಾಗಿ ಅವನು ಆರ್ಗೈಲ್ ಅರ್ಲನ ರೆಜಿಮೆಂಟಿನಲ್ಲಿ ಕ್ಯಾಪ್ಟನ್ನನಾಗಿ ಸೇರಿಕೊಂಡನು. 1692ರ ಫೆಬ್ರವರಿಯಲ್ಲಿ, ಗ್ಲೆನ್‌ಕೋದಲ್ಲಿ ಹನ್ನೆರಡು ದಿನ ಅತಿಥಿಯಾಗಿ ಉಂಡ ಮನೆಗಳ ಗಂಡಸರನ್ನು ಬೆಳಗಿನ ಜಾವದ ಕತ್ತಲೆಯಲ್ಲಿ ಕೊಲ್ಲಿಸಿದ ಪಡೆಯ ಮುಂದಾಳು ಇವನೇ. ಆ ಹತ್ಯೆಯ ಆಜ್ಞೆಯ ಹಿಂದಿದ್ದ ಮಂತ್ರಿಯು ನ್ಯಾಯಾಧೀಶ ಸ್ಟೇರನ ಮಗನೇ ಆಗಿದ್ದನು. ಸಾಲವು ರಾಬರ್ಟನ ಪಾಪವನ್ನು ತೊಳೆಯಲಾರದು. ಆ ಬಾಗಿಲಿನವರೆಗೆ ಅವನನ್ನು ನಡೆಸಿದ ದಾರಿಯಲ್ಲಿ ಸಾಲದ ಪಾಲೂ ಇತ್ತೆಂಬುದನ್ನು ಮಾತ್ರ ಮರೆಯುವಂತಿಲ್ಲ.

ಮಲ್ ದ್ವೀಪದ ಮೆಕ್ಲೇನರ ಕಥೆಯಲ್ಲಿ ಕಾಯಿದೆಯ ಇನ್ನೊಂದು ಮುಖ ಕಾಣುತ್ತದೆ. ಸಮುದ್ರದ ಮೇಲಕ್ಕೆ ಚಾಚಿದ ಬಂಡೆಯ ಮೇಲಿರುವ ಡುವಾರ್ಟ್ ಕೋಟೆ ಈ ಕುಲದ ನೆಲೆ. ಅವರ ಮೇಲಿದ್ದ ಸಾಲಗಳನ್ನೂ ಬಾಕಿಗಳನ್ನೂ ಆರ್ಗೈಲ್‌ನ ಮಾರ್ಕ್ವಿಸನು ಕೊಂಡು ಕೂಡಿಸಿದನು. 1651ರಲ್ಲಿ ಇನ್‌ವರ್‌ಕೀದಿಂಗ್ ಕದನದಲ್ಲಿ ಕ್ರಾಮ್ವೆಲ್ಲನ ಸೈನ್ಯದ ಎದುರು ನಾಯಕ ಸರ್ ಹೆಕ್ಟರ್ ಮಡಿದಾಗ, ಜಹಗೀರೂ ಸಾಲವೂ ಒಟ್ಟಿಗೆ ಅವನ ಎಳೆಯ ತಮ್ಮ ಆಲನ್ನನ ತಲೆಯ ಮೇಲೆ ಬಂದುವು. 1674ರಲ್ಲಿ ಆಲನ್ ತೀರಿಕೊಂಡಾಗ ಅವನ ಮಗ ಜಾನ್ ಇನ್ನೂ ಹಸುಳೆ. ಹೀಗೆ ಎರಡು ತಲೆಮಾರುಗಳಲ್ಲಿ ಎರಡು ಸಲ, ಮಾತನಾಡಬಲ್ಲ ಯಜಮಾನನಿಲ್ಲದ ಮನೆಯ ಮೇಲೆ ಬಡ್ಡಿಯು ಬೆಳೆಯುತ್ತ ಹೋಯಿತು.

ಮಾರ್ಕ್ವಿಸನು ತಾನೂ ಸಾಲದಲ್ಲಿ ಮುಳುಗಿದವನಾಗಿದ್ದು, 1661ರಲ್ಲಿ ರಾಜದ್ರೋಹದ ಆರೋಪದ ಮೇಲೆ ಶಿರಚ್ಛೇದಕ್ಕೆ ಗುರಿಯಾದನು. ಎರಡು ವರ್ಷಗಳ ಮೇಲೆ ಮನೆತನದ ಭೂಮಿಯೂ ಅರ್ಲ್ ಪದವಿಯೂ ಅವನ ಮಗನಿಗೆ ಮರಳಿ ಬಂದುವು. ತಂದೆಯ ಸಾಲಿಗರು ತನ್ನ ಬಾಗಿಲಲ್ಲಿ ನಿಂತಿರಲು, ಈ ಒಂಬತ್ತನೆಯ ಅರ್ಲನು ಮೆಕ್ಲೇನರ ಸಾಲವನ್ನು ಬಿಡುವ ಸ್ಥಿತಿಯಲ್ಲಿರಲಿಲ್ಲ. ಅವನು ಆರ್ಗೈಲ್ ಸೀಮೆಯ ವಂಶಪಾರಂಪರ್ಯದ ಷೆರೀಫನೂ, ಆ ಸೀಮೆಗೂ ದ್ವೀಪಗಳಿಗೂ ಮುಖ್ಯ ನ್ಯಾಯಾಧಿಕಾರಿಯೂ ಆಗಿದ್ದನು. ಹಣ ಬೇಡುವವನೂ ಅವನೇ, ನೆಲ ಬಿಡದವರನ್ನು ದಂಗೆಕೋರರೆಂದು ಸಾರುವ ನ್ಯಾಯಪೀಠದ ಒಡೆಯನೂ ಅವನೇ. ಇದಕ್ಕಿಂತ ದೊಡ್ಡ ದೋಷವು ಆ ವ್ಯವಸ್ಥೆಯಲ್ಲಿ ಮತ್ತೊಂದಿರಲಿಲ್ಲವೆಂದು ನಾನು ಭಾವಿಸುತ್ತೇನೆ. 1674ರಲ್ಲಿ, ಬೆಂಕಿ ಮತ್ತು ಖಡ್ಗಗಳನ್ನು ಪ್ರಯೋಗಿಸಲು ಪ್ರಿವಿ ಕೌನ್ಸಿಲು ಕೊಡುವ ಆಜ್ಞಾಪತ್ರವನ್ನು ಪಡೆದು ಅವನು ಮಲ್ ದ್ವೀಪಕ್ಕೆ ಇಳಿದನು, ಡುವಾರ್ಟ್ ಶರಣಾಯಿತು. ಜನ ಮಣಿಯಲಿಲ್ಲ. ಮರುವರ್ಷ ಹೊರಟ ದೋಣಿಪಡೆಯನ್ನು ಬಿರುಗಾಳಿ ಚದುರಿಸಿತು. ದ್ವೀಪವು ಪೂರ್ಣವಾಗಿ ಕೈವಶವಾಗಲು 1679ರವರೆಗೆ ಕಾಯಬೇಕಾಯಿತು. ಎರಡೇ ವರ್ಷಗಳಲ್ಲಿ ಆ ಅರ್ಲನೂ ರಾಜದ್ರೋಹಿಯೆನಿಸಿ, ಎಡಿನ್‌ಬರೋ ಕೋಟೆಯಿಂದ ಮಲಮಗಳ ಪರಿಚಾರಕನ ವೇಷದಲ್ಲಿ ತಪ್ಪಿಸಿಕೊಂಡು, 1685ರಲ್ಲಿ ತಂದೆಯಂತೆಯೇ ವಧಸ್ಥಾನದಲ್ಲಿ ಮಡಿದನು. ಆದರೂ ಮೆಕ್ಲೇನರಿಗೆ ನೆಲ ಸ್ಥಿರವಾಗಿ ಮರಳಲಿಲ್ಲ. 1690ರ ದಶಕದ ಆರಂಭದಲ್ಲಿ ಅವನ ಮಗನು ಡುವಾರ್ಟನ್ನು ಪುನಃ ಹಿಡಿದನು. ಪಾಳುಬಿದ್ದ ಆ ಕೋಟೆಯನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕುಲದ ಹಿರಿಯ ಸರ್ ಫಿಟ್ಜ್‌ರಾಯ್ ಮೆಕ್ಲೇನ್ ಹಣ ಕೊಟ್ಟು ಕೊಂಡು ಜೀರ್ಣೋದ್ಧಾರ ಮಾಡಿಸಿದನು.

ಎಲ್ಲ ವ್ಯಾಜ್ಯಗಳೂ ಹೀಗೆಯೇ ಮುಗಿದುವೆಂದಲ್ಲ. ಲೊಖೀಲಿನ ಕ್ಯಾಮರನ್ನರಿಗೂ ಮೆಕಿಂಟಾಷರಿಗೂ ಆರ್ಕೇಗ್ ಸರೋವರದ ಸುತ್ತಲಿನ ನೆಲಕ್ಕಾಗಿ ಶತಮಾನಗಳಿಂದ ನಡೆದಿದ್ದ ಹಗೆಯು, 1665ರಲ್ಲಿ ಎರಡು ಪಡೆಗಳೂ ಎದುರುಬದುರು ನಿಂತಿದ್ದಾಗ, 72,500 ಮರ್ಕ್ ಹಣದ ಒಪ್ಪಂದದಿಂದ ಶಮನವಾಯಿತು. ಮರ್ಕ್ ಎಂದರೆ ಸ್ಕಾಟಿಷ್ ಪೌಂಡಿನ ಮೂರರಲ್ಲಿ ಎರಡು ಪಾಲು. ಇಂಗ್ಲಿಷ್ ಲೆಕ್ಕದಲ್ಲಿ ಆ ಮೊತ್ತ ಸುಮಾರು 4,000 ಪೌಂಡು. ಅಂದು ಮಧ್ಯಸ್ಥನಾಗಿ ಬಂದು ಎರಡು ಪಕ್ಷಗಳನ್ನೂ ಒಪ್ಪಿಸಿದವನು ಇದೇ ಗ್ಲೆನಾರ್ಕಿಯ ಜಾನ್ ಕ್ಯಾಂಬೆಲ್. ಅವನನ್ನು ಲೋಭಿಯೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡಲು ಈ ಸಂಗತಿಯು ಅಡ್ಡಬರುತ್ತದೆ.

ಇಷ್ಟು ಪತ್ರಗಳ ನಡುವೆ ಒಕ್ಕಲಿನ ಗತಿಯೇನು? ಭೂಮಿಯ ಸ್ವಾಧೀನವನ್ನು ಪಡೆಯುವ ಶಾಸ್ತ್ರವು ಅವನ ಕಣ್ಣೆದುರಿಗೇ ನಡೆಯುತ್ತಿತ್ತು: ಹೊಸ ಹಕ್ಕುದಾರನ ಪ್ರತಿನಿಧಿಯು ಹೊಲಕ್ಕೆ ಬಂದು, ನೋಟರಿಯ ಮತ್ತು ಸಾಕ್ಷಿಗಳ ಮುಂದೆ ಆ ನೆಲದ ಒಂದು ಹಿಡಿ ಮಣ್ಣನ್ನೂ ಒಂದು ಕಲ್ಲನ್ನೂ ಕೈಯಲ್ಲಿ ಪಡೆದುಕೊಳ್ಳುವನು, 1617ರಲ್ಲಿ ಸ್ಥಾಪಿತವಾದ ಭೂದಾಖಲೆಯಲ್ಲಿ ಅರುವತ್ತು ದಿನಗಳೊಳಗೆ ಅದು ನೋಂದಣಿಯಾಗಬೇಕು. ಈ ದಾಖಲೆ ಬಂದ ಮೇಲೆ ಗುಟ್ಟಾಗಿ ಒಂದೇ ನೆಲವನ್ನು ಇಬ್ಬರಿಗೆ ಬರೆದುಕೊಡುವ ಮೋಸವು ಬಹಳ ಮಟ್ಟಿಗೆ ಕಡಮೆಯಾಯಿತು. ಸ್ಕಾಟ್ಲೆಂಡು ಹೆಮ್ಮೆಪಡಬಹುದಾದ ಕಾರ್ಯವದು. ಆದರೆ ಅದೇ ಹೊಲದ ಮೇಲೆ ಭೋಗ್ಯದವನೊಬ್ಬ, ವಶಪತ್ರದವನೊಬ್ಬ, ಮೇಲ್ಧಣಿಯೊಬ್ಬ, ವಿಧವೆಯೊಬ್ಬಳು, ಹಳೆಯ ಯಜಮಾನನೊಬ್ಬ, ಹೀಗೆ ಐದು ಕಡೆಯ ಹಕ್ಕುಗಳು ಕೂಡಿಬಿದ್ದಾಗ ಸುಗ್ಗಿಯ ಹೊತ್ತಿಗೆ ಪ್ರತಿಯೊಬ್ಬರ ಆಳೂ ಕಣದ ಬಳಿ ನಿಲ್ಲುವನು. ಒಬ್ಬನಿಗೆ ಗೇಣಿ ಕೊಟ್ಟ ಒಕ್ಕಲಿನ ದನವನ್ನು ಮತ್ತೊಬ್ಬನು ಜಪ್ತಿ ಮಾಡುವನು. ಗೇಣಿಯನ್ನು ಯಾರಿಗೆ ಸಲ್ಲಿಸಬೇಕೆಂದು ನೀವೇ ನಿರ್ಣಯಿಸಿರಿ, ನಾನು ಒಂದೇ ಸಲ ಕೊಡುವೆನು ಎಂದು ಒಕ್ಕಲು ನ್ಯಾಯಾಲಯಕ್ಕೆ ಹೋಗಬಹುದಾದ ಒಂದು ವಿಶೇಷ ದಾವೆಯನ್ನೇ ಸ್ಕಾಟಿಷ್ ಕಾಯಿದೆಯು ರೂಪಿಸಬೇಕಾಗಿ ಬಂದುದು, ಈ ಸಂಕಟವು ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಸಾಕ್ಷಿ. ಎಡಿನ್‌ಬರೋವರೆಗೆ ಹೋಗಬಲ್ಲ ಒಕ್ಕಲುಗಳಾದರೋ ವಿರಳ. ಮುಂದೆ 1681ರ ಶಾಸನದಿಂದ ದಿವಾಳಿಯಾದ ಜಹಗೀರುಗಳನ್ನು ನ್ಯಾಯಾಲಯವೇ ಹರಾಜುಹಾಕಿ ಸಾಲಿಗರಿಗೆ ಹಂಚುವ ಕ್ರಮ ಬಂದಿತು; 1685ರ ಶಾಸನವು ಮನೆತನದ ಆಸ್ತಿಯನ್ನು ಸಾಲಕ್ಕೆ ಸಿಗದಂತೆ ವಂಶಕ್ಕೆ ಕಟ್ಟಿಹಾಕುವ ಅವಕಾಶ ಕೊಟ್ಟಿತು. ಒಂದು ಸಾಲ ಕೊಟ್ಟವನನ್ನು ರಕ್ಷಿಸಿತು, ಇನ್ನೊಂದು ಸಾಲ ತೆಗೆದವನನ್ನು. ಉಳುವವನ ಹೆಸರು ಎರಡರಲ್ಲಿಯೂ ಇರಲಿಲ್ಲ.

ವಾಯವ್ಯ ತೀರದ ಆಸಿಂಟ್ ಸೀಮೆಯಲ್ಲಿ ಈ ಎಲ್ಲ ಘಟ್ಟಗಳೂ ಒಂದೇ ನೆಲದ ಮೇಲೆ ನಡೆದುವು. ಅಲ್ಲಿನ ಮೆಕ್ಲೌಡ್ ನಾಯಕರ ಸಾಲಗಳನ್ನು ನೆರೆಯ ಮೆಕೆಂಜಿಗಳು ಕೊಂಡುಕೂಡಿಸಿ ಹಕ್ಕನ್ನು ಸ್ಥಾಪಿಸಿಕೊಂಡರು. 1650ರಲ್ಲಿ ಸೋತು ಅಲೆದುಬಂದ, ದೊರೆಯ ಪಕ್ಷದ ಸೇನಾನಿ ಮಾಂಟ್ರೋಸ್‌ನ ಮಾರ್ಕ್ವಿಸನನ್ನು ಆರ್ಡ್‌ವ್ರೆಕ್ ಕೋಟೆಯಲ್ಲಿ ಹಿಡಿದು ಸರ್ಕಾರಕ್ಕೆ ಒಪ್ಪಿಸಿದವನೆಂದು ಕುಖ್ಯಾತನಾದ ನೀಲ್ ಮೆಕ್ಲೌಡನು, ದೊರೆಯು ಮರಳಿ ಬಂದ ಮೇಲೆ ಮಿತ್ರರನ್ನು ಕಳೆದುಕೊಂಡನು. 1672ರಲ್ಲಿ ಮೆಕೆಂಜಿಗಳು ಬೆಂಕಿ ಮತ್ತು ಖಡ್ಗಗಳ ಆಜ್ಞಾಪತ್ರದೊಡನೆ ಬಂದು ಆರ್ಡ್‌ವ್ರೆಕ್ಕನ್ನು ಹಿಡಿದರು. ಅವರು ಸರೋವರದ ದಂಡೆಯಲ್ಲಿ ಕಟ್ಟಿಸಿದ ಹೊಸ ಭವನವು 1737ರಲ್ಲಿ ಸುಟ್ಟುಹೋಯಿತು. ಅವರೂ ಸಾಲಕ್ಕೆ ಸಿಕ್ಕಿ ಆ ಸೀಮೆಯನ್ನು ಕಳೆದುಕೊಳ್ಳಲು, ಅದು ಹದಿನೆಂಟನೆಯ ಶತಮಾನದ ನಡುವೆ ಸದರ್‌ಲೆಂಡ್ ಮನೆತನವನ್ನು ಸೇರಿತು. ಆ ಮನೆತನದ ಕಾಲದಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ, ಒಳನಾಡಿನ ಒಕ್ಕಲುಗಳು ಕುರಿಗಳ ಮಂದೆಗಳಿಗೆ ಜಾಗ ತೆರವು ಮಾಡಿ ಕಡಲಂಚಿನ ಬರಡು ತುಂಡುಗಳಿಗೆ ಸರಿಯಬೇಕಾಯಿತು. ಭೂಮಿ ಮತ್ತೆ ಕೈಯಿಂದ ಕೈಗೆ ದಾಟುತ್ತ, 1989ರಲ್ಲಿ ಉತ್ತರ ಆಸಿಂಟಿನ ಭಾಗವನ್ನು ಹೊರದೇಶದ ಮೂಲದ ಒಂದು ಆಸ್ತಿವ್ಯವಹಾರದ ಸಂಸ್ಥೆ ಕೊಂಡಿತು. 1992ರಲ್ಲಿ ಆ ಸಂಸ್ಥೆಯು ದಿವಾಳಿಯೆದ್ದಾಗ, ಸಾಲಿಗರ ಪರವಾಗಿ ನೇಮಕವಾದ ಅಧಿಕಾರಿಯು ಅದನ್ನು ತುಂಡುತುಂಡಾಗಿ ಮಾರಾಟಕ್ಕಿಟ್ಟನು. ಈ ಸಲ ಕೊಳ್ಳಲು ಮುಂದೆ ಬಂದವರು ಕ್ರಾಫ್ಟರುಗಳೆಂದು ಕರೆಯಿಸಿಕೊಳ್ಳುವ ಅಲ್ಲಿನ ಸಣ್ಣ ಹಿಡುವಳಿದಾರರೇ. ಅವರು ಟ್ರಸ್ಟೊಂದನ್ನು ಕಟ್ಟಿ, ಊರೂರಿನಿಂದ ವಂತಿಗೆ ಬೇಡಿ, ಸಹಾಯಧನ ತಂದು, ಸಾಲವನ್ನೂ ಎತ್ತಿ, 3 ಲಕ್ಷ ಪೌಂಡುಗಳನ್ನು ಕೂಡಿಸಿದರು. 1993ರ ಫೆಬ್ರವರಿ 1ರಂದು ಸುಮಾರು 21,000 ಎಕರೆ ನೆಲವು ಅದನ್ನು ಗೇಯುತ್ತಿದ್ದವರ ಟ್ರಸ್ಟಿನ ಹೆಸರಿಗೆ ಬಂದಿತು.